ಜಾಗದ ಲೆಕ್ಕಕ್ಕಿಂತ ಮೊದಲು ಹೊತ್ತಿನ ಲೆಕ್ಕ



ದತ್ತಾಂಶ ಬೆಳೆಯುತ್ತ ಹೋದಂತೆ ಡೇಟಾಬೇಸ್ ಸರ್ವರಿಗೆ ಎಷ್ಟು ಶಕ್ತಿ ಬೇಕಾಗುತ್ತದೆ, ಅದನ್ನು ಮುಂಚಿತವಾಗಿ ಅಂದಾಜು ಮಾಡುವುದು ಹೇಗೆ ಎಂಬುದು ಈ ಎರಡು ದಿನಗಳ ವಿಷಯ. ಇಂಥ ಗೋಷ್ಠಿಯನ್ನು ಬೆಂಗಳೂರಿನಲ್ಲಿ ಇಟ್ಟುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಕಾಪುವಿನಲ್ಲಿ ಯಾಕೆ ಎಂದು ಕೇಳಿದವರಿದ್ದಾರೆ. ಕಂಪ್ಯೂಟರ್ ಎಂಬ ಶಬ್ದವೇ ಈ ಕಡೆ ಕೇಳಿಬರದ ಕಾಲದಲ್ಲಿ, ಸಣ್ಣ ಮೊತ್ತದ ಅಪಾರ ಸಂಖ್ಯೆಯ ನಮೂದುಗಳನ್ನು ಬರೆದಿಡುವ ಕಷ್ಟವನ್ನು ತಾನಾಗಿ ಮೈಮೇಲೆ ಎಳೆದುಕೊಂಡ ಜಿಲ್ಲೆ ಇದು. ಹಾಗಾಗಿ ಈ ಮಾತು ಇಲ್ಲಿಂದಲೇ ಶುರುವಾದರೆ ಸರಿ ಎಂದು ನನಗೆ ಅನಿಸುತ್ತದೆ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಸಂಗಡಿಗರು ಆರಂಭಿಸಿದ ಬ್ಯಾಂಕು, ಅಂದರೆ ಮುಂದಿನ ಕಾರ್ಪೊರೇಷನ್ ಬ್ಯಾಂಕು, ಮೊದಲ ದಿನದ ಕೊನೆಗೆ ಕೂಡಿಸಿದ್ದು 38 ರೂಪಾಯಿ 13 ಆಣೆ 2 ಪೈ. ಅಂದಿನ ಇಡೀ ದತ್ತಾಂಶ ಒಂದು ಪುಟದಲ್ಲಿ ಹಿಡಿಸಿರಬಹುದು. ಹತ್ತೊಂಬತ್ತು ವರ್ಷಗಳ ನಂತರ, 1925ರಲ್ಲಿ, ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡಬೇಕೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲೇ ಇನ್ನೊಂದು ಬ್ಯಾಂಕು ಕಟ್ಟಿದರು. ಬಂಡವಾಳ ಎಂಟು ಸಾವಿರ ರೂಪಾಯಿ. ಸಿಂಡಿಕೇಟ್ ಬ್ಯಾಂಕಿನ ಬುಡ ಅದು. 1928ರಲ್ಲಿ ಅವರು ಪಿಗ್ಮಿ ಎಂಬ ಠೇವಣಿ ತಂದರು. ಏಜೆಂಟು ದಿನಾ ಮನೆಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ.

ಪಿಗ್ಮಿಯ ಬಗ್ಗೆ ಉಳಿತಾಯದ ಕಥೆ, ಬಡವರ ಬ್ಯಾಂಕಿಂಗ್ ಕಥೆ ಎಂದು ಬಹಳ ಮಂದಿ ಬರೆದಿದ್ದಾರೆ. ಲೆಡ್ಜರು ಬರೆಯುವ ಗುಮಾಸ್ತನ ಕಡೆಯಿಂದ ಅದನ್ನು ನೋಡಿದವರು ಕಡಿಮೆ. ಒಬ್ಬ ವ್ಯಾಪಾರಿ ನೂರು ರೂಪಾಯಿ ಒಮ್ಮೆಲೇ ಕಟ್ಟಿದರೆ ಒಂದು ನಮೂದು. ಅದೇ ನೂರು ರೂಪಾಯಿ ಎರಡಾಣೆಯ ಲೆಕ್ಕದಲ್ಲಿ ಬಂದರೆ ಎಂಟುನೂರು ನಮೂದು. ಬ್ಯಾಂಕಿನ ಠೇವಣಿ ಅಷ್ಟೇ, ಬರೆಯುವ ಕೆಲಸ ಎಂಟುನೂರು ಪಟ್ಟು. ಆಡಳಿತ ಮಂಡಳಿಯ ಸಭೆಯಲ್ಲಿ ಎದುರಿಗಿರುವುದು ಮೊತ್ತದ ಅಂಕಿ, ಗುಮಾಸ್ತನ ಎದುರಿಗಿರುವುದು ಪುಟಗಳ ರಾಶಿ. ಇವತ್ತು ನನ್ನ ಸಂಘದ ವಹಿವಾಟು ಇನ್ನೂರು ಕೋಟಿ, ಯಾವ ಸರ್ವರ್ ಬೇಕು ಎಂದು ಕೇಳುವ ವ್ಯವಸ್ಥಾಪಕರು ಕೊಡುತ್ತಿರುವುದೂ ಆ ಮಂಡಳಿಯ ಅಂಕಿಯನ್ನೇ. ಆ ಇನ್ನೂರು ಕೋಟಿ ಎಷ್ಟು ತುಂಡುಗಳಾಗಿ ಬರುತ್ತದೆ ಎಂದು ಗೊತ್ತಾಗುವವರೆಗೆ ನಾನು ಬಾಯಿ ತೆರೆಯುವ ಹಾಗಿಲ್ಲ.

ಎರಡಾಣೆಯ ಆ ಪ್ರವಾಹ ಈಗ ಯುಪಿಐ ರೂಪದಲ್ಲಿ ದೇಶವನ್ನೆಲ್ಲ ಆವರಿಸಿದೆ. ಮೀನಿನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡು ನಿಂತಿದೆ. 2019ರ ಅಕ್ಟೋಬರಿನಲ್ಲಿ ಯುಪಿಐ ಮೊದಲ ಬಾರಿಗೆ ತಿಂಗಳಿಗೆ ನೂರು ಕೋಟಿ ವಹಿವಾಟು ದಾಟಿತು. 2023ರ ಆಗಸ್ಟಿನಲ್ಲಿ ಸಾವಿರ ಕೋಟಿ, 2025ರ ಆಗಸ್ಟಿನಲ್ಲಿ ಎರಡು ಸಾವಿರ ಕೋಟಿ ದಾಟಿತು. ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಅವಧಿಯಲ್ಲಿ ವರ್ಷಕ್ಕೆ ಸುಮಾರು ಶೇ 80ರ ಬೆಳವಣಿಗೆ, ಎರಡನೆಯದರಲ್ಲಿ ಶೇ 40ರ ಆಸುಪಾಸು. ವೇಗ ಅರ್ಧಕ್ಕೆ ಇಳಿಯಿತು ಎಂದು ಯಾರಾದರೂ ವರದಿ ಬರೆದರೆ ತಪ್ಪೇನಿಲ್ಲ. ಆದರೆ ಮೊದಲ ಒಂಬೈನೂರು ಕೋಟಿ ಸೇರಲು ನಾಲ್ಕು ವರ್ಷಕ್ಕೆ ಎರಡೇ ತಿಂಗಳು ಕಡಿಮೆ ಹಿಡಿಯಿತು, ಮುಂದಿನ ಸಾವಿರ ಕೋಟಿಗೆ ಎರಡೇ ವರ್ಷ ಸಾಕಾಯಿತು. ಶೇಕಡಾ ಇಳಿಯುತ್ತಿರುವಾಗಲೇ ಬರೆಯಬೇಕಾದ ಸಾಲುಗಳು ಏರುತ್ತಿದ್ದವು. ಸಾಮರ್ಥ್ಯದ ವರದಿಯಲ್ಲಿ ಶೇಕಡಾವಾರು ಮಾತ್ರ ಇದ್ದರೆ ಅದನ್ನು ವಾಪಸು ಕಳಿಸಿ. ದಿನಕ್ಕೆ ಎಷ್ಟು ಸಾಲು ಎಂದು ಬರೆದುಕೊಂಡು ಬರಲಿ.

ಈಗ ನಮ್ಮ ಅಳತೆಗೆ ಬರೋಣ. ಹತ್ತು ಸಾವಿರ ಪಿಗ್ಮಿ ಗ್ರಾಹಕರಿರುವ ಒಂದು ಸಂಘ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಮುನ್ನೂರು ದಿನ ವಸೂಲಿ ಎಂದರೆ ಮೂವತ್ತು ಲಕ್ಷ ಜಮೆ. ಒಂದು ಜಮೆ ಎಂದರೆ ಡೇಟಾಬೇಸಿನಲ್ಲಿ ಒಂದೇ ಸಾಲಲ್ಲ. ಗ್ರಾಹಕನ ಖಾತೆಗೊಂದು, ಏಜೆಂಟನ ಖಾತೆಗೊಂದು, ಯಾರು ಯಾವಾಗ ನಮೂದಿಸಿದರು ಎಂಬ ಆಡಿಟ್ ದಾಖಲೆಗೊಂದು, ಹೋದ ಎಸ್‌ಎಂಎಸ್‌ಗೊಂದು. ನಾಲ್ಕರಿಂದ ಗುಣಿಸಿದರೆ ವರ್ಷಕ್ಕೆ 1.2 ಕೋಟಿ ಸಾಲು. ಸಾಲಿಗೆ 200 ಬೈಟ್ ಹಿಡಿದರೆ 2.4 ಜಿಬಿ. ಇಂಡೆಕ್ಸುಗಳಿಗೆ ಇನ್ನಷ್ಟೇ ಜಾಗ. ಒಟ್ಟು 5 ಜಿಬಿ. ಹತ್ತು ವರ್ಷಕ್ಕೆ 50.

ಐವತ್ತು ಜಿಬಿ! ನಿಮ್ಮ ಕಿಸೆಯ ಫೋನಿನಲ್ಲಿ ಇದಕ್ಕಿಂತ ಹೆಚ್ಚು ಮದುವೆ ವಿಡಿಯೊಗಳಿವೆ. ಹಾಗಿದ್ದೂ ಸಂಘಗಳಲ್ಲಿ ಸರ್ವರ್ ನಿಧಾನ, ದಿನದ ಲೆಕ್ಕ ಕಟ್ಟುವ ಡೇ ಎಂಡ್ ಮುಗಿಯುವುದಿಲ್ಲ, ಡಿಸ್ಕು ತುಂಬಿತು, ಹೊಸ ಕೊಟೇಷನ್ ತರಿಸಿ ಎಂಬ ಗೋಳು ನಿಂತಿಲ್ಲ. ಕಾರಣ ಹುಡುಕಿದರೆ ಹೆಚ್ಚಿನ ಕಡೆ ಸಿಗುವುದು ವಹಿವಾಟಿನ ಸಾಲುಗಳಲ್ಲ. ಆಧಾರ್, ಪಾನ್, ಸಹಿ, ಫೋಟೊಗಳ ಸ್ಕ್ಯಾನ್ ಪ್ರತಿಗಳು. ನಲವತ್ತು ಸಾವಿರ ಸದಸ್ಯರು, ತಲೆಗೆ 3 ಎಂಬಿ ಎಂದರೆ 120 ಜಿಬಿ. ಹತ್ತು ವರ್ಷದ ವಹಿವಾಟಿನ ಎರಡು ಪಟ್ಟಿಗೂ ಹೆಚ್ಚು. ಅವನ್ನು ಯಾರೋ ಡೇಟಾಬೇಸಿನ ಟೇಬಲಿನ ಒಳಗೇ ತುರುಕಿಟ್ಟಿರುತ್ತಾರೆ. ಒಮ್ಮೆ ಸೇರಿಸಿದ ಮೇಲೆ ಬದಲಾಗದ, ವರ್ಷಕ್ಕೊಮ್ಮೆಯೂ ಯಾರೂ ತೆರೆಯದ ಆ ಚಿತ್ರಗಳನ್ನು ಪ್ರತಿ ರಾತ್ರಿಯೂ ಪೂರ್ತಿ ಬ್ಯಾಕಪ್ ಮಾಡಲಾಗುತ್ತದೆ. ಚಿತ್ರಗಳನ್ನು ಹೊರಗೆ ಫೈಲುಗಳಾಗಿ ಇಟ್ಟು, ಡೇಟಾಬೇಸಿನಲ್ಲಿ ಅವುಗಳ ವಿಳಾಸ ಮತ್ತು ತಿದ್ದುಪಡಿ ಪತ್ತೆಗೆ ಒಂದು ಹ್ಯಾಷ್ ಇಟ್ಟುಕೊಂಡರೆ ರಾತ್ರಿಯ ಬ್ಯಾಕಪ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊಸ ಸರ್ವರ್ ಮಾರಲು ಬಂದವರು ಇದನ್ನು ಹೇಳಲಿಕ್ಕಿಲ್ಲ.

ಆಸ್ಪತ್ರೆಗಳಲ್ಲಿ ಇದೇ ಸಂಗತಿ ಬೇರೆ ಮುಖದಲ್ಲಿ ಬರುತ್ತದೆ. ಸಿ.ಟಿ. ಸ್ಕ್ಯಾನಿನ ಒಂದು ಚಿತ್ರ ಎಂದರೆ 512 ಅಡ್ಡ, 512 ಉದ್ದ, ಬಿಂದುವಿಗೆ 2 ಬೈಟ್, ಅಂದರೆ ಅರ್ಧ ಎಂಬಿ. ಐದು ಮಿಲಿಮೀಟರಿಗೆ ಒಂದರಂತೆ ತೆಗೆಯುತ್ತಿದ್ದ ಚಿತ್ರವನ್ನು ಒಂದು ಮಿಲಿಮೀಟರಿಗೆ ಒಂದರಂತೆ ತೆಗೆಯುವ ಯಂತ್ರ ಬಂದರೆ ಅದೇ ರೋಗಿಯ ಅದೇ ಎದೆಗೆ ಐದು ಪಟ್ಟು ದತ್ತಾಂಶ. ಮಣಿಪಾಲದಂಥ ಬೋಧನಾ ಆಸ್ಪತ್ರೆಗಳ ಊರಿನಲ್ಲಿ ಹೊರರೋಗಿಗಳ ಸಂಖ್ಯೆಯನ್ನು ನೋಡಿಕೊಂಡು ಡಿಸ್ಕು ಅಂದಾಜು ಮಾಡಿದರೆ ಕೈಸುಡುತ್ತದೆ. ರೇಡಿಯಾಲಜಿ ವಿಭಾಗ ಮುಂದಿನ ವರ್ಷ ಯಾವ ಯಂತ್ರ ತರಿಸುತ್ತಿದೆ ಎಂದು ಕೇಳಬೇಕು. ದತ್ತಾಂಶ ಯಾವುದರ ಜೊತೆ ಬೆಳೆಯುತ್ತದೆ, ಜನರ ಜೊತೆಯೋ, ಯಂತ್ರದ ಜೊತೆಯೋ, ಕಾನೂನಿನ ಜೊತೆಯೋ ಎಂದು ಪ್ರತಿ ಟೇಬಲಿಗೂ ಬೇರೆಬೇರೆಯಾಗಿ ಕೇಳಿಕೊಳ್ಳುವುದು ನಮ್ಮ ಕೆಲಸದ ಮೊದಲ ಭಾಗ.

ಇದಿಷ್ಟೂ ಜಾಗದ ಲೆಕ್ಕ. ಈ ಲೆಕ್ಕಕ್ಕೆ ಹೆಚ್ಚು ಬುದ್ಧಿ ಬೇಡ, ಗುಣಾಕಾರ ಬಂದರೆ ಸಾಕು, ಡಿಸ್ಕು ಅಗ್ಗವೂ ಆಗಿದೆ. ನಾನು ಈ ಗೋಷ್ಠಿಯ ಮುಂದೆ ಇಡಬೇಕೆಂದಿರುವುದು ಬೇರೆ. ಸರ್ವರಿನ ಸಾಮರ್ಥ್ಯವನ್ನು ಅಳೆಯಬೇಕಾದದ್ದು ಹೊತ್ತಿನಲ್ಲಿ. ಕೌಂಟರಿನ ಎದುರು ನಿಂತವರಿಗೆ ಎಷ್ಟು ಹೊತ್ತು, ರಾತ್ರಿಯ ಕೆಲಸ ಮುಗಿಯಲು ಎಷ್ಟು ಹೊತ್ತು, ಎಲ್ಲ ಹೋದರೆ ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು. ಈ ಮೂರಕ್ಕೂ ಮೊದಲು ಗಡುವು ಹಾಕಿಕೊಳ್ಳಬೇಕು. ಗಡುವು ಬರೆದ ಮೇಲೆ ಎಷ್ಟು ರ‍್ಯಾಮ್, ಎಷ್ಟು ಡಿಸ್ಕು ಎಂಬುದು ಅದರಿಂದ ತಾನಾಗಿ ಹೊರಡುತ್ತದೆ. ಸಂಘಗಳ ಕಡತಗಳಲ್ಲಿ ಸರ್ವರಿನ ಬಿಲ್ಲು ಇರುತ್ತದೆ, ವಾರಂಟಿ ಕಾರ್ಡು ಇರುತ್ತದೆ. ಗಡುವು ಬರೆದ ಕಾಗದ ನಾನು ಕಂಡದ್ದು ಬಹಳ ಅಪರೂಪ.

ರಾತ್ರಿಯ ಕೆಲಸದಿಂದ ತೊಡಗುತ್ತೇನೆ, ಯಾಕೆಂದರೆ ಅಲ್ಲಿ ಹಳಬರ ಬುದ್ಧಿ ಕಾಣುತ್ತದೆ. ಡೇ ಎಂಡ್ ಮೊದಲ ವರ್ಷ ಹತ್ತು ನಿಮಿಷ, ಐದನೇ ವರ್ಷ ಒಂದು ಗಂಟೆ ಎಂದು ದೂರುವವರ ಪ್ರೋಗ್ರಾಮ್ ಬಿಚ್ಚಿ ನೋಡಿದರೆ ಒಂದು ಕ್ವೆರಿ ಇರುತ್ತದೆ: ಖಾತೆ ತೆರೆದ ದಿನದಿಂದ ಇವತ್ತಿನವರೆಗಿನ ಎಲ್ಲ ಜಮೆ, ಎಲ್ಲ ಖರ್ಚು ಕೂಡಿಸಿ ಬಾಕಿ ತೆಗೆಯುವ ಕ್ವೆರಿ. ಗ್ರಾಹಕರು ಒಬ್ಬರೂ ಹೆಚ್ಚದಿದ್ದರೂ ಇದು ಪ್ರತಿ ರಾತ್ರಿ ಹಿಂದಿನ ರಾತ್ರಿಗಿಂತ ನಿಧಾನ. ಕೈಬರಹದ ಲೆಡ್ಜರಿನಲ್ಲಿ ಯಾವ ಗುಮಾಸ್ತನೂ ಹೀಗೆ ಮಾಡುತ್ತಿರಲಿಲ್ಲ. ಪುಟದ ಕೊನೆಗೆ ಮೊತ್ತ ಹಾಕಿ, ಅದನ್ನು ಮುಂದಿನ ಪುಟದ ನೆತ್ತಿಗೆ ಒಯ್ದು, ಅಲ್ಲಿಂದ ಮುಂದುವರಿಸುತ್ತಿದ್ದ. ತಿಂಗಳ ಕೊನೆಯ ಬಾಕಿಯನ್ನು ಒಂದು ಟೇಬಲಿನಲ್ಲಿ ಮುದ್ರೆ ಹಾಕಿ ಇಟ್ಟುಕೊಂಡರೆ ಡೇ ಎಂಡ್ ಎಂದೆಂದಿಗೂ ಮೂವತ್ತು ದಿನದ ಸಾಲುಗಳನ್ನು ಮಾತ್ರ ಓದುತ್ತದೆ. ಹಳೆಯ ತಿಂಗಳುಗಳನ್ನು ಪಾರ್ಟಿಷನ್‌ಗಳಾಗಿ ವಿಂಗಡಿಸಿದ್ದರೆ, ಬೇಡವಾದ ದಿನ ಒಂದು ಪಾರ್ಟಿಷನನ್ನು ಇಡಿಯಾಗಿ ಕಳಚಿಡುವುದು ಕ್ಷಣದ ಕೆಲಸ. ಅದೇ ಕೋಟಿ ಸಾಲುಗಳನ್ನು ಡಿಲೀಟ್ ಮಾಡಲು ಹೋದರೆ ರಾತ್ರಿಯೆಲ್ಲ ಕೂರಬೇಕು, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿನಲ್ಲಿ ಡಿಲೀಟ್ ಆದ ಜಾಗ ತಕ್ಷಣ ಡಿಸ್ಕಿಗೆ ಮರಳುವುದೂ ಇಲ್ಲ.

ಕೌಂಟರಿನ ಹೊತ್ತು ಇನ್ನೊಂದು ರೀತಿ. ಇಲ್ಲಿ ದತ್ತಾಂಶ ಬೆಳೆದಂತೆ ನಿಧಾನವೂ ಮೆಲ್ಲಗೆ ಬೆಳೆಯುತ್ತದೆ ಎಂದು ತಿಳಿದವರು ಮೋಸ ಹೋಗುತ್ತಾರೆ. ಇಂಡೆಕ್ಸಿನ ಒಂದು ಪುಟದಲ್ಲಿ 300 ಕೀಲಿಗಳು ಹಿಡಿಸುತ್ತವೆ ಎಂದಾದರೆ ಮೂರು ಮಟ್ಟದಲ್ಲಿ 2.7 ಕೋಟಿ, ನಾಲ್ಕು ಮಟ್ಟದಲ್ಲಿ 810 ಕೋಟಿ ಸಾಲುಗಳನ್ನು ತಲುಪಬಹುದು. ಮುನ್ನೂರು ಪಟ್ಟು ಬೆಳವಣಿಗೆಗೆ ಒಂದೇ ಒಂದು ಹೆಚ್ಚಿನ ಹೆಜ್ಜೆ. ಹಾಗಾಗಿ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ, ಎಲ್ಲರೂ ನಿಶ್ಚಿಂತರು. ಒಂದು ದಿನ ದಿನನಿತ್ಯ ಬೇಕಾಗುವ ಪುಟಗಳು ರ‍್ಯಾಮಿನಲ್ಲಿ ಹಿಡಿಸುವುದು ನಿಲ್ಲುತ್ತದೆ. ರ‍್ಯಾಮಿನಿಂದ ಓದಲು ಒಂದು ಮೈಕ್ರೊಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟು, ತಿರುಗುವ ಹಳೆಯ ಡಿಸ್ಕಿಗೆ ಲಕ್ಷ ಪಟ್ಟು. ಮಾನಿಟರಿಂಗ್ ಪರದೆಯಲ್ಲಿ ಓದುಗಳ ಶೇ 99 ರ‍್ಯಾಮಿನಿಂದ ಎಂದಿದ್ದದ್ದು ಶೇ 98 ಆಯಿತು ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಡಿಸ್ಕಿಗೆ ಹೋಗುತ್ತಿದ್ದ ಓದು ನೂರರಲ್ಲಿ ಒಂದಿದ್ದದ್ದು ಎರಡಾಗಿದೆ. ಡಿಸ್ಕಿನ ಹೊರೆ ದುಪ್ಪಟ್ಟು. ಶೇ 96ಕ್ಕೆ ಇಳಿದರೆ ನಾಲ್ಕು ಪಟ್ಟು. ಹೀಗಾಗಿ ಒಟ್ಟು ಡೇಟಾಬೇಸ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ದಿನಾ ಮುಟ್ಟುವ ಭಾಗ ಎಷ್ಟು ದೊಡ್ಡದು ಎಂದು ತಿಳಿದಿರಬೇಕು.

ಅದಕ್ಕೆ ಸೇರಿಕೊಂಡು ಸರದಿ ಸಾಲಿನ ಗಣಿತ. ನಮ್ಮ ಹೆಜಮಾಡಿಯ ಟೋಲ್ ಗೇಟಿನಲ್ಲಿ ವಾಹನಗಳು ಅರೆಬರೆ ಬರುವಾಗ ಯಾರೂ ನಿಲ್ಲುವುದಿಲ್ಲ, ಗೇಟು ತುಂಬುವ ಹೊತ್ತಿಗೆ ನಾಲ್ಕೇ ನಾಲ್ಕು ಕಾರು ಹೆಚ್ಚಾದರೂ ಸಾಲು ಹೆದ್ದಾರಿಗೆ ಚಾಚುತ್ತದೆ. ಕೋರಿಕೆಗಳು ಎರ್ರಾಬಿರ್ರಿ ಬರುತ್ತವೆ, ನಿಭಾಯಿಸುವವನು ಒಬ್ಬನೇ ಎಂಬ ಸರಳ ಊಹೆಯಲ್ಲಿ, ಸರ್ವರ್ ಶೇ 50 ಮಗ್ನವಾಗಿದ್ದರೆ ಒಟ್ಟು ಹಿಡಿಯುವ ಸಮಯ ನಿಜವಾದ ಕೆಲಸದ ಎರಡು ಪಟ್ಟು. ಶೇ 80ಕ್ಕೆ ಐದು ಪಟ್ಟು, ಶೇ 90ಕ್ಕೆ ಹತ್ತು ಪಟ್ಟು, ಶೇ 95ಕ್ಕೆ ಇಪ್ಪತ್ತು ಪಟ್ಟು. ಆಡಿಟರು ಸರ್ವರ್ ಅರ್ಧ ಖಾಲಿ ಇದೆಯಲ್ಲ, ಇಷ್ಟು ದೊಡ್ಡದು ಯಾಕೆ ತಂದಿರಿ ಎಂದು ಕೇಳಿದರೆ ಈ ಅಂಕಿಗಳನ್ನು ತೋರಿಸಿ. ಆ ಖಾಲಿ ಅರ್ಧಕ್ಕೇ ನಾವು ಹಣ ಕೊಟ್ಟದ್ದು.

‘ಸರ್ವರ್ ಇಲ್ಲ ಮಾರಾಯ್ರೆ, ನಾಳೆ ಬನ್ನಿ’ ಎಂಬ ಮಾತು ನ್ಯಾಯಬೆಲೆ ಅಂಗಡಿಯಿಂದ ಹಿಡಿದು ನಾಡಕಚೇರಿಯವರೆಗೆ ನಾವೆಲ್ಲ ಕೇಳಿದ್ದೇವೆ. ಸರ್ವರ್ ಎಲ್ಲಿಗೂ ಹೋಗಿರುವುದಿಲ್ಲ. ಬಹುಪಾಲು ಸಲ ಅದು ಶೇ 95ರ ಆಚೆಗಿನ ಯಾವುದೋ ಸಾಲಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ಭೂಮಿ ಯೋಜನೆ ಶುರುವಾದಾಗ ತಾಲೂಕಿಗೊಂದು ಸರ್ವರ್ ಇತ್ತು, ಸುಮಾರು ಎರಡು ಕೋಟಿ ಪಹಣಿಗಳು ತಾಲೂಕುಗಳ ನಡುವೆ ಹಂಚಿಹೋಗಿದ್ದವು. ಒಂದು ಕೆಟ್ಟರೆ ಒಂದು ತಾಲೂಕಿಗೆ ತೊಂದರೆ. ಮುಂದೆ ಎಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿತು. ಅನುಕೂಲ ಬಹಳ ಆಯಿತು, ಯಾವ ಊರಿನಿಂದ ಬೇಕಾದರೂ ಪಹಣಿ ತೆಗೆಯಬಹುದು. ಆದರೆ ಈಗ ಬೀದರಿನ ಬೆಳಗಿನ ನೂಕುನುಗ್ಗಲು ಕಾಪುವಿನ ಕೌಂಟರಿಗೂ ತಟ್ಟುತ್ತದೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ನಮ್ಮ ಕಾಪು ತಾಲೂಕಾದಾಗ ಜಮೀನು ಒಂದು ಸೆಂಟ್ಸೂ ಹೆಚ್ಚಲಿಲ್ಲ, ಪಹಣಿಗಳೂ ಅವೇ. ಕೇಳುವ ಕೌಂಟರು ಮಾತ್ರ ಹೊಸದು.

ಕೇಳುವುದೇ ಒಂದು ಹೊರೆ ಎಂಬುದನ್ನು ನಾವು ಅಂದಾಜಿನಲ್ಲಿ ಸೇರಿಸುವುದೇ ಇಲ್ಲ. 2025ರ ಏಪ್ರಿಲ್ 12ರಂದು ಯುಪಿಐ ಹಲವು ಗಂಟೆ ತೊಡರಿತು. ಯುಪಿಐ ನಡೆಸುವ ಎನ್‌ಪಿಸಿಐ ಹುಡುಕಿ ಕಂಡ ಕಾರಣ ಹಣ ಕಳಿಸುವವರು ಹೆಚ್ಚಾದದ್ದಲ್ಲ. ಆ ವಹಿವಾಟು ಏನಾಯಿತು, ಈ ವಹಿವಾಟು ಏನಾಯಿತು ಎಂದು ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ಹಳೆಯ ವಹಿವಾಟುಗಳ ಬಗ್ಗೆಯೂ ಪದೇಪದೇ ವಿಚಾರಿಸುತ್ತಿದ್ದವು. ಅದೇ ವರ್ಷದ ಆಗಸ್ಟಿನಿಂದ ಒಂದು ಆ್ಯಪಿನಲ್ಲಿ ಒಬ್ಬರು ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಎಂಬ ಮಿತಿ ಬಂತು. ಅದಕ್ಕೂ ಮೊದಲು, 2025ರ ಜನವರಿಯಲ್ಲಿ, ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ದಾಳಿಯಾಗಿ ಆಸ್ತಿಯ ಋಣಭಾರ ಪತ್ರ (ಇ.ಸಿ.) ಸಿಗದೆ ಜನ ಪರದಾಡಿದರು. ವರದಿಯಾದ ಪ್ರಕಾರ ಎರಡು ಗಂಟೆಯಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳು. ದೊಡ್ಡ ಅಂಕಿಯಂತೆ ಕೇಳುತ್ತದೆ, ಭಾಗಿಸಿದರೆ ಸೆಕೆಂಡಿಗೆ 86. ಚೆನ್ನಾಗಿ ಇಂಡೆಕ್ಸ್ ಮಾಡಿದ ಸಣ್ಣ ಕ್ವೆರಿಗಳಾದರೆ ಸಾಧಾರಣ ಸರ್ವರ್ ಕೂಡ ಇದನ್ನು ತಡೆದುಕೊಂಡೀತು. ಆದರೆ ಇ.ಸಿ. ಎಂದರೆ ಒಂದು ಆಸ್ತಿಯ ವರ್ಷಗಟ್ಟಲೆಯ ದಾಖಲೆಗಳ ಜಾಲಾಟ. ಎಷ್ಟು ಕೋರಿಕೆ ಎಂಬುದರ ಜೊತೆಗೆ ಒಂದೊಂದು ಕೋರಿಕೆ ಎಷ್ಟು ತೂಕದ್ದು ಎಂದೂ ನೋಡಬೇಕು. ಬ್ಯಾಲೆನ್ಸ್ ನೋಡುವುದು, ಸ್ಟೇಟ್‌ಮೆಂಟ್ ಇಳಿಸಿಕೊಳ್ಳುವುದು, ಹೆಸರಿನ ಎರಡಕ್ಷರ ಹಾಕಿ ಹುಡುಕುವುದು ಇವು ಸಂಘದ ಆದಾಯಕ್ಕೆ ಒಂದು ಪೈಸೆ ಸೇರಿಸುವುದಿಲ್ಲ, ಸರ್ವರಿನ ದಿನವನ್ನು ಮಾತ್ರ ನುಂಗುತ್ತವೆ.

ಅಳತೆಯನ್ನು ಯಾವಾಗ ಮಾಡುತ್ತೀರಿ ಎಂಬುದೂ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಸುಮ್ಮನಾಗುತ್ತದೆ, ಮೀನುಗಾರಿಕೆಯನ್ನು ನಂಬಿದ ಮನೆಗಳ ಪಿಗ್ಮಿಯೂ ತೆಳ್ಳಗಾಗುತ್ತದೆ. ಜುಲೈಯಲ್ಲಿ ಬಂದು ಹೊಸ ಸಾಫ್ಟ್‌ವೇರ್ ತೋರಿಸಿ ನೋಡಿ ಎಷ್ಟು ವೇಗ ಎಂದವರನ್ನು ನಂಬಿದರೆ ಸೆಪ್ಟೆಂಬರಿನಲ್ಲಿ ಬಣ್ಣ ಬಯಲಾಗುತ್ತದೆ. ಮಾರ್ಚ್ 31ರ ಸಂಜೆ ಇನ್ನೊಂದು ಲೋಕ. 2025ರ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದಲ್ಲಿ ಇಲ್ಲಿನ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ನಡೆದಾಗಿನಂಥ ಜನಜಂಗುಳಿ ಮುಂಚೆಯೇ ಕ್ಯಾಲೆಂಡರಿನಲ್ಲಿರುತ್ತದೆ, ಅದಕ್ಕೆ ತಯಾರಾಗಬಹುದು. ಒಂದೇ ಮಾರ್ಚಿನಲ್ಲಿ ವರ್ಷದ ಕೊನೆಯ ಲೆಕ್ಕ, ಉತ್ಸವದ ಜನ ಎರಡೂ ಕೂಡಿಬಂದರೆ ಎಂದು ಯೋಚಿಸುವವನೇ ಒಳ್ಳೆಯ ಡೇಟಾಬೇಸ್ ನಿರ್ವಾಹಕ.

ಮೆಲ್ಲಗೆ ಏರದೆ ಒಂದೇ ರಾತ್ರಿಯಲ್ಲಿ ಮೆಟ್ಟಿಲು ಹತ್ತುವ ಬೆಳವಣಿಗೆಯೂ ಇದೆ. ಈ ಜಿಲ್ಲೆಗೆ ಅದನ್ನು ವಿವರಿಸಬೇಕಾಗಿಲ್ಲ. 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆ, ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳೂ ಒಂದೇ ದಿನ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ. ಭಾವನೆಯ ಮಾತು ಬಿಡೋಣ, ಅದನ್ನು ಬೇರೆ ವೇದಿಕೆಗಳಲ್ಲಿ ಬೇಕಾದಷ್ಟು ಆಡಿದ್ದೇವೆ. ಯಾವ ಬ್ಯಾಂಕನ್ನು ಯಾವುದರೊಂದಿಗೆ ಸೇರಿಸುವುದು ಎಂದು 2019ರ ಆಗಸ್ಟಿನಲ್ಲಿ ಪ್ರಕಟಿಸುವಾಗ ಸರಕಾರ ಕೊಟ್ಟ ಸಮರ್ಥನೆಗಳಲ್ಲಿ ಒಂದು, ಕೂಡುವ ಬ್ಯಾಂಕುಗಳು ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಬಳಸುತ್ತಿವೆ ಎಂಬುದು. ಡೇಟಾಬೇಸಿನ ಒಳರಚನೆ ಬ್ಯಾಂಕುಗಳ ಹಣೆಬರಹದಲ್ಲಿ ಅಷ್ಟರ ಮಟ್ಟಿಗೆ ಸೇರಿಕೊಂಡಿತ್ತು. ಒಂದೇ ಸಾಫ್ಟ್‌ವೇರ್ ಆದರೂ ಹಳೆಯ ಸಂಕೇತಗಳನ್ನು ಹೊಸದಕ್ಕೆ ಹೊಂದಿಸಲು ಹೊತ್ತು ಹಿಡಿಯಿತು. ಸಿಂಡಿಕೇಟಿನ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ನಿಂತದ್ದು 2021ರ ಜೂನ್ ಮುಗಿದ ಮೇಲೆ. ಹೊಸದನ್ನು ಮಾಡಿದ ಬಗೆ ಜಾಣತನದ್ದು: ಆರಂಭದ ಅಕ್ಷರಗಳನ್ನು ಬದಲಿಸಿ ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರು, ಡಿಕ್ಕಿ ತಪ್ಪಿತು. ಎರಡು ಸಹಕಾರಿ ಸಂಘಗಳು ವಿಲೀನವಾಗುವಾಗ ಸದಸ್ಯ ಸಂಖ್ಯೆ 1 ಎರಡೂ ಕಡೆ ಇರುತ್ತದೆ ಎಂಬುದನ್ನು ಮೊದಲೇ ನೆನಪಿಡಿ.

ಸಂಖ್ಯೆಗೇ ಇರುವ ಮಿತಿಯನ್ನೂ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 32 ಬಿಟ್ಟಿನ ಸಾಧಾರಣ ಪೂರ್ಣಾಂಕ 2,14,74,83,647ರ ಆಚೆ ಎಣಿಸಲಾರದು. ನಾವು ಲೆಕ್ಕ ಹಾಕಿದ ಸಂಘಕ್ಕೆ ಅಲ್ಲಿಗೆ ತಲುಪಲು ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. 2025ರ ಆಗಸ್ಟಿನ ಯುಪಿಐ ವೇಗದಲ್ಲಾದರೆ ಮೂರೂವರೆ ದಿನವೂ ಬೇಡ. ನಿಮ್ಮ ಪ್ರೋಗ್ರಾಮ್ ಈ ಎರಡರ ನಡುವೆ ಎಲ್ಲೋ ಇದೆ. ಟೇಬಲ್ ಕಟ್ಟುವ ದಿನ 64 ಬಿಟ್ ಎಂದು ಬರೆದರೆ ಸಾಲಿಗೆ ನಾಲ್ಕು ಬೈಟ್ ಖರ್ಚು, ಡಿಸ್ಕು ಖಾಲಿ ಇದ್ದಾಗಲೂ ಡೇಟಾಬೇಸ್ ನಿಂತುಹೋಗುವ ಅಪಾಯ ತಪ್ಪುತ್ತದೆ.

ಈಗ ಮೂರನೆಯ ಹೊತ್ತು, ಎದ್ದು ನಿಲ್ಲುವ ಹೊತ್ತು. ನನ್ನ ಮಟ್ಟಿಗೆ ಈ ಗೋಷ್ಠಿಯ ತಿರುಳು ಇಲ್ಲಿದೆ. ಸೆಕೆಂಡಿಗೆ 100 ಎಂಬಿಯಂತೆ ಬ್ಯಾಕಪ್ಪಿನಿಂದ ಮರಳಿ ತುಂಬಿಸುತ್ತೀರಿ ಎಂದರೆ 120 ಜಿಬಿಗೆ 20 ನಿಮಿಷ. ಒಂದು ಟಿಬಿಗೆ 2 ಗಂಟೆ 47 ನಿಮಿಷ. ಹತ್ತು ಟಿಬಿಗೆ ಸುಮಾರು 28 ಗಂಟೆ, ಅದರ ಮೇಲೆ ಬ್ಯಾಕಪ್ ಆದಮೇಲಿನ ವಹಿವಾಟುಗಳ ಲಾಗ್ ಓಡಿಸಬೇಕು, ಪರೀಕ್ಷಿಸಬೇಕು. ಕೌಂಟರು ಎರಡು ಗಂಟೆಗಿಂತ ಹೆಚ್ಚು ಮುಚ್ಚಿರಬಾರದು ಎಂಬುದು ನಿಮ್ಮ ಗಡುವಾದರೆ, ಆ ಸರ್ವರಿನಲ್ಲಿ ಇಪ್ಪತ್ತು ಟಿಬಿ ಡಿಸ್ಕು ಇದ್ದರೂ ನಿಮ್ಮ ಸಾಮರ್ಥ್ಯ 720 ಜಿಬಿ ಮಾತ್ರ. ಅದರಾಚೆ ಬೆಳೆಯಬೇಕೆಂದರೆ ಸಿದ್ಧವಾಗಿ ಓಡುತ್ತಿರುವ ಇನ್ನೊಂದು ಪ್ರತಿ ಬೇಕು, ಇಲ್ಲವೇ ಹಳೆಯದನ್ನು ಬೇರೆ ಕಡೆ ಸರಿಸಬೇಕು. ಒಂದು ಸಂಘದಲ್ಲಿ ಬ್ಯಾಕಪ್ ಎಲ್ಲಿದೆ ಎಂದು ಕೇಳಿದ್ದಕ್ಕೆ ಎರಡು ಡಿಸ್ಕಿಗೆ ಒಟ್ಟಿಗೇ ಬರೆಯುತ್ತದೆ ಸಾರ್ ಎಂದು ರೇಡ್ ವ್ಯವಸ್ಥೆಯನ್ನು ತೋರಿಸಿದರು. ತಪ್ಪು ಕ್ವೆರಿ ಓಡಿಸಿ ಟೇಬಲ್ ಅಳಿಸಿದರೆ ಅದೂ ಎರಡು ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ ಎಂದು ಹೇಳಿದಾಗ ಆ ಹುಡುಗನ ಮುಖ ಬಾಡಿತು. ಅವನಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಇನ್ನೊಂದು ಪ್ರತಿ ಎಲ್ಲಿರಬೇಕು? ಪಕ್ಕದ ಕೋಣೆಯಲ್ಲಂತೂ ಅಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ಎಲ್ಲಿಗೆಲ್ಲ ನುಗ್ಗಿತೆಂದು ಇಲ್ಲಿರುವವರಿಗೆ ಗೊತ್ತು. ಕಾಪುವಿನ ಸರ್ವರಿಗೆ ಕಾರ್ಕಳದಲ್ಲಿ ಜೋಡಿ ಇಟ್ಟರೆ ಕಡಲ ಉಪ್ಪುಗಾಳಿಯಿಂದ ದೂರವಾಯಿತು, ಒಳ್ಳೆಯದೇ. ಆದರೆ ಮಳೆ, ಸಿಡಿಲು, ಕರೆಂಟು ಎರಡಕ್ಕೂ ಒಂದೇ. ಮುಂಬೈ, ಹೈದರಾಬಾದುಗಳಲ್ಲಿ ಕ್ಲೌಡ್ ಕೇಂದ್ರಗಳಿವೆ, ಬ್ಯಾಕಪ್ಪಿನ ಒಂದು ಪ್ರತಿ ಗೂಢಲಿಪಿಯಲ್ಲಿ ಅಲ್ಲಿಗೆ ಹೋಗಲಿ. ಕ್ಲೌಡ್ ಬಂದ ಮೇಲೆ ಸಾಮರ್ಥ್ಯದ ಅಂದಾಜೇ ಬೇಡ, ಬೇಕಾದಾಗ ಹಿಗ್ಗಿಸಿಕೊಂಡರಾಯಿತು ಎನ್ನುವವರಿದ್ದಾರೆ. ಅವರು ಅಂದಾಜನ್ನು ಬಿಟ್ಟಿರುವುದಿಲ್ಲ, ತಿಂಗಳ ಕೊನೆಯ ಬಿಲ್ಲಿಗೆ ಮುಂದೂಡಿರುತ್ತಾರೆ. ಖಾತೆ ತೆರೆದ ದಿನದಿಂದ ಕೂಡಿಸುವ ಆ ಕ್ವೆರಿ ಕ್ಲೌಡಿನಲ್ಲೂ ಅಷ್ಟೇ ಸೋಮಾರಿ, ಅಲ್ಲಿ ಅದರ ಸೋಮಾರಿತನಕ್ಕೆ ಗಂಟೆಯ ಬಾಡಿಗೆ ಬೇರೆ.

ಉಳಿದದ್ದು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸಬೇಕಾದವರು ಕಂಪ್ಯೂಟರಿನವರಲ್ಲ, ಆದರೆ ಎಲ್ಲ ಕಡೆ ಅದನ್ನು ಅವರ ತಲೆಗೇ ಕಟ್ಟಿದ್ದಾರೆ. ಬ್ಯಾಂಕುಗಳಿಗೆ 1985ರ ದಾಖಲೆ ಸಂರಕ್ಷಣಾ ನಿಯಮಗಳು ಕೆಲವು ದಾಖಲೆಗಳಿಗೆ 5 ವರ್ಷ, ಕೆಲವಕ್ಕೆ 8 ವರ್ಷ ಎನ್ನುತ್ತವೆ. ವೈದ್ಯರ 2002ರ ನಿಯಮಾವಳಿ ಒಳರೋಗಿಗಳ ದಾಖಲೆಗೆ 3 ವರ್ಷ ಎನ್ನುತ್ತದೆ. ಇವು ಕನಿಷ್ಠ ಅವಧಿ. ಗರಿಷ್ಠದ ಕಡೆಯಿಂದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ: ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದಿದ್ದರೆ, ವ್ಯಕ್ತಿಯ ದತ್ತಾಂಶವನ್ನು ಅಳಿಸಬೇಕು. ಖಾತೆ ಮುಚ್ಚಿ ಎಷ್ಟೋ ವರ್ಷವಾದವರ ಆಧಾರ್ ಪ್ರತಿ ನಿಮ್ಮ 120 ಜಿಬಿಯಲ್ಲಿ ಎಷ್ಟಿದೆ? ಅದನ್ನು ಅಳಿಸಲು ಬೇಕಾದ ಪ್ರೋಗ್ರಾಮ್ ನಿಮ್ಮ ಸಾಫ್ಟ್‌ವೇರಿನಲ್ಲಿ ಇದೆಯೇ? ಅಳಿಸಿದ್ದು ಹಳೆಯ ಬ್ಯಾಕಪ್ಪುಗಳಿಂದಲೂ ಹೋಗುವುದು ಯಾವಾಗ? ಇದಕ್ಕೆ ಆಡಳಿತ ಮಂಡಳಿ ಕೂತು ಠರಾವು ಮಾಡಬೇಕು, ಪಾರ್ಟಿಷನ್‌ಗಳ ವಿನ್ಯಾಸ ಆ ಠರಾವಿನ ಪ್ರಕಾರ ನಡೆಯಬೇಕು. ನಾಳೆ ಮಧ್ಯಾಹ್ನದ ಗೋಷ್ಠಿಗೆ ಕಾರ್ಯದರ್ಶಿಗಳನ್ನೂ ಕರೆದಿರುವುದು ಇದೇ ಕಾರಣಕ್ಕೆ. ಅವರು ಊಟ ಮುಗಿಸಿ ಹೊರಟುಬಿಡದಂತೆ ನೋಡಿಕೊಳ್ಳುವ ಕೆಲಸ ಸಂಘಟಕರದ್ದು.

ಇವತ್ತಿನ ಮೊದಲ ಗೋಷ್ಠಿ ರಿಸ್ಟೋರ್ ಪರೀಕ್ಷೆಯ ಬಗ್ಗೆ. ಲ್ಯಾಪ್‌ಟಾಪ್ ತಂದವರು ತಮ್ಮ ಸಂಸ್ಥೆಯ ನಿಜವಾದ ದತ್ತಾಂಶವನ್ನು ಇಲ್ಲಿ ತೆರೆಯುವುದು ಬೇಡ. ಅಭ್ಯಾಸಕ್ಕೆ ಬೇಕಾದ ಮಾದರಿ ಡೇಟಾಬೇಸ್ ಸಿದ್ಧವಿದೆ. ಗಡಿಯಾರ ಮಾತ್ರ ಮುಂದಿಟ್ಟುಕೊಳ್ಳಿ. ಬ್ಯಾಕಪ್ ಫೈಲು ಹುಡುಕಲು ಹಿಡಿದ ಹೊತ್ತನ್ನೂ ಸೇರಿಸಿ ಬರೆದುಕೊಳ್ಳಿ.